ಪೇಪರ್ ಫ್ರೀ ಆಯ್ತು, ಡೇಟಾ ಎಲ್ಲಿ?

ಸಂಪಾದಕರೇ,

ಸಂಶೋಧನಾ ಲೇಖನ ಎಲ್ರಿಗೂ ಫ್ರೀಯಾಗಿ ಓದೋಕೆ ಸಿಗ್ಬೇಕು ಅಂತ ಈಗ ಸುಮಾರು ಜನ ಹೇಳ್ತಿದಾರೆ, ಒಳ್ಳೇದೇ, ಆದ್ರೆ ಆ ಲೇಖನದ ಹಿಂದಿರೋ ಡೇಟಾ ಬಗ್ಗೆ ಮಾತು ಬಂದ್ರೆ ಎಲ್ರೂ ಗಪ್‌ಚುಪ್. ಎಷ್ಟೋ ಪೇಪರ್‌ಗಳ ಕೊನೇಲಿ "ಕೋರಿಕೆಯ ಮೇರೆಗೆ ಡೇಟಾ ಒದಗಿಸಲಾಗುವುದು" ಅಂತ ಒಂದು ಸಾಲು ಇರತ್ತಲ್ಲ, ಅದನ್ನ ನಂಬಿ ನಾನೂ ಎರಡು ಸಲ ಮೇಲ್ ಹಾಕ್ದೆ. ಮೊದಲ್ನೇದಕ್ಕೆ ಉತ್ತರ ಇಲ್ಲ, ಎರಡನೇದಕ್ಕೆ "ಫೈಲ್ ಇಟ್ಕೊಂಡಿದ್ದ ಹುಡುಗ ಲ್ಯಾಬ್ ಬಿಟ್ಟು ಹೋದ" ಅಂತ ಬಂತು, ಅಲ್ಲಿಗೆ ಕಥೆ ಮುಗೀತು.

2020ರ ಮೇನಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಜರ್ನಲ್‌ನಲ್ಲಿ ಏನಾಯ್ತು ನೆನಪು ಮಾಡ್ಕೊಳ್ಳಿ. ಸುಮಾರು 96 ಸಾವಿರ ಕೋವಿಡ್ ರೋಗಿಗಳ ರೆಕಾರ್ಡ್ ನೋಡಿದೀವಿ, ಮಲೇರಿಯಾ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಂಡವ್ರಲ್ಲಿ ಸಾವು ಜಾಸ್ತಿ ಅಂತ ಲೇಖನ ಬಂತು, ವಿಶ್ವ ಆರೋಗ್ಯ ಸಂಸ್ಥೆ ತನ್ನ ಟ್ರಯಲ್‌ನಲ್ಲಿ ಆ ಮಾತ್ರೆ ಕೊಡೋದನ್ನೇ ತಡೆಹಿಡೀತು. ಡೇಟಾ ತೋರ್ಸಿ ಅಂದಾಗ ಆ ರೆಕಾರ್ಡ್ ಒದಗಿಸಿದ್ದ ಸರ್ಜಿಸ್ಫಿಯರ್ ಕಂಪನಿ ಕೊಡ್ಲೇ ಇಲ್ಲ, ಎರಡು ವಾರದಲ್ಲಿ ಪೇಪರ್ ವಾಪಸ್. (ಮಾತ್ರೆಯಿಂದ ಉಪಯೋಗ ಇಲ್ಲ ಅಂತ ಆಮೇಲೆ ಸರಿಯಾದ ಟ್ರಯಲ್‌ಗಳಲ್ಲೇ ಗೊತ್ತಾಯ್ತು ಬಿಡಿ, ಅದು ಬೇರೆ ಮಾತು.) ಆ ಲೇಖನ ಓದೋಕೆ ಫ್ರೀನೇ ಇತ್ತು ಸ್ವಾಮಿ! ಓದಿದ್ರಿಂದ ಏನೂ ಗೊತ್ತಾಗ್ಲಿಲ್ಲ, ಲೆಕ್ಕ ಕೇಳಿದ್ಮೇಲೇ ಬಣ್ಣ ಬಯಲಾಗಿದ್ದು.

ಇನ್ನೊಂದ್ ಕಡೆ ನೋಡಿ, ಪ್ರೋಟೀನ್‌ಗಳ ಆಕಾರ ಕೂಡಿಡೋ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಬರೀ 7 ರಚನೆಗಳಿಂದ ಶುರುವಾಯ್ತು, ಆಮೇಲೆ ಜರ್ನಲ್‌ಗಳು ರಚನೆ ಜಮಾ ಮಾಡ್ದೆ ಪೇಪರ್ ತಗೊಳ್ಳಲ್ಲ ಅಂತ ಪಟ್ಟು ಹಿಡಿದ್ವು, ಈಗ ಅಲ್ಲಿ ಎರಡು ಲಕ್ಷಕ್ಕಿಂತ ಜಾಸ್ತಿ ಇದಾವೆ, ಯಾರು ಬೇಕಾದ್ರೂ ಇಳಿಸ್ಕೋಬಹುದು. ಪ್ರೋಟೀನ್ ಆಕಾರ ಊಹಿಸೋ ಎಐ ಆಲ್ಫಾಫೋಲ್ಡ್ ಕಲಿತಿದ್ದು ಇದ್ರಿಂದ್ಲೇ, ಅದನ್ನ ಮಾಡಿದವ್ರಿಗೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲೂ ಸಿಕ್ತು. ಮಾನವ ಜೀನೋಮ್ ಯೋಜನೆಯವ್ರಂತೂ 1996ರಲ್ಲೇ ಡಿಎನ್‌ಎ ಸೀಕ್ವೆನ್ಸ್ ಸಿದ್ಧ ಆದ 24 ಗಂಟೆಯೊಳಗೆ ಹೊರಗೆ ಹಾಕ್ಬೇಕು ಅಂತ ಒಪ್ಕೊಂಡಿದ್ರು.

ರೋಗಿಗಳ ಗುಟ್ಟು ಕಾಪಾಡ್ಬೇಕು ಅನ್ನೋದು ನ್ಯಾಯವಾದ ಮಾತೇ. ಅಂಥ ಕಡೆ ಹೆಸರು ತೆಗೆದು, ಅರ್ಜಿ ನೋಡಿ ಕೊಡೋ ವ್ಯವಸ್ಥೆ ಇರ್ಲಿ. ಆದ್ರೆ ಇಲಿ ಮೇಲೆ, ಲೋಹದ ಮೇಲೆ ಮಾಡಿದ ಪ್ರಯೋಗಕ್ಕೂ ಅದೇ ನೆಪ ಹೇಳಿದ್ರೆ ಹೆಂಗೆ?

ಕೊನೇದಾಗಿ ನಿಮ್ಮತ್ರನೇ ಒಂದು ಕೋರಿಕೆ. "ಹೊಸ ಅಧ್ಯಯನ ಹೇಳುತ್ತದೆ" ಅಂತ ಸುದ್ದಿ ಹಾಕೋವಾಗ, ಅದರ ಡೇಟಾ ಓಪನ್ ಇದ್ಯೋ ಇಲ್ವೋ ಅಂತ ಕೆಳಗೆ ಒಂದು ಸಾಲು ಹಾಕಿ.

– ಒಬ್ಬ ಓದುಗ