ಅಂತರ್ಜಾಲದ ಸಣ್ಣ ಓಣಿಗಳು: ಪುಟ್ಟಿಗೆ ಪತ್ರ

ಮಂಡ್ಯ
ಭಾನುವಾರ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಮೈಸೂರಿನ ಹಾಸ್ಟೆಲಿನಲ್ಲಿ ನಡುರಾತ್ರಿಯವರೆಗೂ ಮೊಬೈಲ್ ಹಿಡಿದು ಕೂತಿರುತ್ತೀಯಂತೆ. ನಾಲ್ಕು ಬುದ್ಧಿಮಾತು ಬರೆ ಎಂದು ನಿನ್ನ ಅಮ್ಮ ನನಗೆ ಹೇಳಿದ್ದಾಳೆ. ಮೊಬೈಲ್ ಬಿಟ್ಟುಬಿಡು ಎಂದು ನಾನು ಬರೆಯುವುದಿಲ್ಲ. ಆದರೆ ಹಬ್ಬಕ್ಕೆ ಬಂದಾಗ ನೀನೇ ಆಡಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: "ಎರಡು ಗಂಟೆ ನೋಡಿರುತ್ತೇನೆ ದೊಡ್ಡಮ್ಮ, ಏನು ನೋಡಿದೆ ಎಂದು ಕೇಳಿದರೆ ಒಂದೂ ನೆನಪಿಗೆ ಬರುವುದಿಲ್ಲ." ಹೇಗೆ ಬಂದೀತು? ಅವುಗಳಲ್ಲಿ ಒಂದನ್ನಾದರೂ ನೀನು ಹುಡುಕಿಕೊಂಡು ಹೋಗಿರಲಿಲ್ಲ. ಒಂದರ ಹಿಂದೆ ಒಂದು ತಾವೇ ಬಂದವು, ಹೋದವು. ಬಿಡುವಿದ್ದಾಗ ವಿಳಾಸ ಹಿಡಿದುಕೊಂಡು ಹೋಗು ಎಂಬುದೇ ನನ್ನ ಬುದ್ಧಿಮಾತು. ಯಾರೋ ಒಬ್ಬರು ಆಸೆಪಟ್ಟು ಕೂತು ಕಟ್ಟಿದ ವಿಚಿತ್ರ ಜಾಲತಾಣಗಳು ಇಂದಿಗೂ ಎಷ್ಟೋ ಇವೆ. ನನಗೆ ಪ್ರಿಯವಾದ ಕೆಲವನ್ನು ಹೇಳುತ್ತೇನೆ.

ಭೂಗೋಳ ಪಾಠ ಮಾಡಿ ನಿವೃತ್ತಳಾದವಳು ನಾನು, ಆದ್ದರಿಂದ ಗಾಳಿಯಿಂದಲೇ ಆರಂಭ. 'ಅರ್ಥ್ ಡಾಟ್ ನಲ್‌ಸ್ಕೂಲ್ ಡಾಟ್ ನೆಟ್' ಎಂಬ ವಿಳಾಸಕ್ಕೆ ಹೋಗು. ಕ್ಯಾಮರಾನ್ ಬೆಕಾರಿಯೊ ಎಂಬ ಪ್ರೋಗ್ರಾಮರ್ 2013ರಲ್ಲಿ ಇದನ್ನು ಕಟ್ಟಿದರು. ತೆರೆದ ಕೂಡಲೇ ಕಪ್ಪು ಹಿನ್ನೆಲೆಯಲ್ಲಿ ಭೂಮಿ ಕಾಣುತ್ತದೆ, ಅದರ ಮೇಲೆ ಗಾಳಿಯು ಸಣ್ಣ ಸಣ್ಣ ಎಳೆಗಳಾಗಿ ಹರಿಯುತ್ತಿರುತ್ತದೆ. ಸೂಪರ್ ಕಂಪ್ಯೂಟರುಗಳು ಲೆಕ್ಕ ಹಾಕಿದ ಹವಾಮಾನದ ಅಂಕಿಗಳನ್ನೇ ಅದು ಚಿತ್ರವಾಗಿ ತೋರಿಸುತ್ತದೆ, ಮೂರು ಗಂಟೆಗೊಮ್ಮೆ ಹೊಸದಾಗುತ್ತದೆ. ಜೂನ್ ತಿಂಗಳು ಬರಲಿ, ಆಗ ನೋಡು. ಸಮಭಾಜಕ ವೃತ್ತದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ ಆಗ್ನೇಯದಿಂದ ಹೊರಟ ಗಾಳಿ ಆಫ್ರಿಕಾದ ಕರಾವಳಿಯ ಕಡೆಗೆ ಬರುತ್ತದೆ. ಕೀನ್ಯಾದ ಹತ್ತಿರ ವೃತ್ತವನ್ನು ದಾಟುತ್ತದೆ. ದಾಟಿದ ಮೇಲೆ, ಭೂಮಿ ತಿರುಗುತ್ತಿರುವುದರಿಂದ, ತನ್ನ ಬಲಕ್ಕೆ ಬಾಗುತ್ತದೆ. ಸೊಮಾಲಿಯಾದ ತೀರವನ್ನು ಸವರಿಕೊಂಡು ಅರಬ್ಬೀ ಸಮುದ್ರದ ಮೇಲೆ ಓಡಿ ಬಂದು ನಮ್ಮ ಪಶ್ಚಿಮ ಘಟ್ಟಕ್ಕೆ ಬಡಿಯುತ್ತದೆ. ಘಟ್ಟ ಏರುವಾಗ ತಣ್ಣಗಾಗಿ ಕೊಡಗಿನಲ್ಲಿ ಸುರಿಯುತ್ತದೆ. ಅದೇ ನೀರು ಕಾವೇರಿಯಾಗಿ ಕನ್ನಂಬಾಡಿಗೆ ಬರುತ್ತದೆ.

ಮಳೆಗಾಲ ಬಂದರೆ ನಮ್ಮ ಮಂಡ್ಯದಲ್ಲಿ ಎಲ್ಲರ ಬಾಯಲ್ಲೂ ಕಟ್ಟೆಯ ಮಾತೇ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಮೊದಲು ನೋಡುವುದು ಕಟ್ಟೆಯ ನೀರಿನ ಮಟ್ಟ. 124.80 ಅಡಿ ತುಂಬಿತೆಂದರೆ ಭತ್ತ, ಕಬ್ಬು ಎರಡಕ್ಕೂ ಧೈರ್ಯ. ಆ ಅಡಿಗಳು ಎಲ್ಲಿಂದ ಹೊರಟು ಬರುತ್ತವೆ ಎಂಬುದನ್ನು ನೀನು ಕಣ್ಣಾರೆ ನೋಡಬಹುದು. ನಾನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಎಳೆದು ಹೇಳುತ್ತಿದ್ದ ಪಾಠ ಅಲ್ಲಿ ಕಣ್ಣೆದುರು ನಡೆಯುತ್ತದೆ. ಇನ್ನೊಂದು ಸ್ವಾರಸ್ಯವಿದೆ. ಮುಂಗಾರಿನ ನಡುವೆ, ಪುಟದ ಮೂಲೆಯ ಆಯ್ಕೆಗಳಲ್ಲಿ ಎತ್ತರವನ್ನು ಬದಲಿಸಿ, ಸುಮಾರು ಹತ್ತು ಕಿಲೋಮೀಟರ್ ಮೇಲಿನ ಗಾಳಿಯನ್ನು ನೋಡು. ಕೆಳಗೆ ಪಶ್ಚಿಮದಿಂದ ಬೀಸುತ್ತಿರುವಾಗಲೇ, ನಮ್ಮ ತಲೆಯ ಮೇಲೆ ಅಷ್ಟೆತ್ತರದಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತಿರುತ್ತದೆ. ಅದನ್ನು ನೋಡಿದ ಮೇಲೆ ಆಕಾಶದ ಬಗ್ಗೆ ನನಗಿದ್ದ ಕಲ್ಪನೆಯೇ ಬದಲಾಯಿತು.

ಇನ್ನು ರೇಡಿಯೊ ಗಾರ್ಡನ್. ಇದೂ ಒಂದು ಗೋಳವೇ. ಮೇಲೆಲ್ಲ ಹಸಿರು ಚುಕ್ಕಿಗಳು, ಒಂದೊಂದು ಚುಕ್ಕಿಯೂ ಒಂದೊಂದು ಊರು. ಚುಕ್ಕಿಯ ಮೇಲೆ ನಿಂತರೆ ಆ ಊರಿನ ಬಾನುಲಿ ಆ ಕ್ಷಣಕ್ಕೆ ಏನು ಹೇಳುತ್ತಿದೆಯೋ ಅದು ಕೇಳುತ್ತದೆ. ನೆದರ್ಲೆಂಡ್ಸಿನವರು ಬಾನುಲಿಯ ಕುರಿತ ಸಂಶೋಧನೆಯೊಂದರ ಭಾಗವಾಗಿ 2016ರಲ್ಲಿ ಇದನ್ನು ಹೊರತಂದರು. ನೀನಿರುವ ಊರಿಗೂ ಬಾನುಲಿಗೂ ಹಳೆಯ ನಂಟಿದೆ, ಅದನ್ನು ತಿಳಿದುಕೊಂಡು ಕೇಳು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಖಾಸಗಿಯಾಗಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ್ದು, ಮುಂದೆ ಅದು ಇಡೀ ದೇಶದ ಬಾನುಲಿಗೆ ಹೆಸರಾಯಿತು. ಸರ್ಕಾರ ಹೇಳಲಿ, ಹಣ ಬರಲಿ ಎಂದು ಆ ಮೇಷ್ಟ್ರು ಕಾಯಲಿಲ್ಲ. ಈ ಪತ್ರದಲ್ಲಿ ನಾನು ಹೇಳುತ್ತಿರುವ ಜಾಲತಾಣಗಳನ್ನು ಕಟ್ಟಿದವರೆಲ್ಲ ಅವರ ಥರದವರೇ ಎಂದು ನನಗೆ ಅನ್ನಿಸುತ್ತದೆ.

ರೇಡಿಯೊ ಗಾರ್ಡನ್ ಕೇಳುವಾಗ ಒಂದು ನಿಯಮ ಇಟ್ಟುಕೋ. ಚುಕ್ಕಿಯಿಂದ ಚುಕ್ಕಿಗೆ ಹಾರಬೇಡ. ನಿನಗೆ ತಿಳಿಯದ ಭಾಷೆಯ ಒಂದು ಊರನ್ನು ಆರಿಸಿಕೊಂಡು ಅರ್ಧ ಗಂಟೆ ಅಲ್ಲೇ ಇರು. ಮೊದಲು ಬರೀ ಸದ್ದು. ಸ್ವಲ್ಪ ಹೊತ್ತಿಗೆ ಇದು ವಾರ್ತೆ, ಇದು ಜಾಹೀರಾತು, ಇದು ಯಾರೋ ಯಾರನ್ನೋ ರೇಗಿಸುತ್ತಿರುವುದು ಎಂದು ಧ್ವನಿಯ ಏರಿಳಿತದಿಂದಲೇ ಗೊತ್ತಾಗತೊಡಗುತ್ತದೆ. ನಮಗೆ ಬೆಳಗಾಗುವಾಗ ದಕ್ಷಿಣ ಅಮೆರಿಕದಲ್ಲಿ ರಾತ್ರಿ. ಆ ಹೊತ್ತಿನಲ್ಲಿ ಅಲ್ಲಿನ ಒಂದು ಸಣ್ಣ ಊರನ್ನು ಕೇಳಿ ನೋಡು.

ಜಾಶ್ ವರ್ಥ್ ಎಂಬ ವಿನ್ಯಾಸಕಾರರು 2014ರಲ್ಲಿ ಮಾಡಿದ ಒಂದು ಪುಟವಿದೆ. ಚಂದ್ರ ಒಂದೇ ಒಂದು ಪಿಕ್ಸೆಲ್, ಅಂದರೆ ಪರದೆಯ ಮೇಲಿನ ಅತಿ ಸಣ್ಣ ಚುಕ್ಕಿ, ಆಗಿದ್ದರೆ ಸೌರಮಂಡಲ ಎಷ್ಟು ದೊಡ್ಡದಾಗಿರುತ್ತದೆ ಎಂಬುದನ್ನು ಸೂರ್ಯನಿಂದ ಪ್ಲೂಟೊವರೆಗೆ ಅಳತೆ ತಪ್ಪದೆ ಹಾಸಿದ್ದಾರೆ. ಆ ಲೆಕ್ಕದಲ್ಲಿ ಭೂಮಿಯ ಅಗಲ ನಾಲ್ಕು ಪಿಕ್ಸೆಲಿಗೂ ಕಡಿಮೆ, ಸೂರ್ಯನಿಂದ ಭೂಮಿಗೆ ಸುಮಾರು 43,000 ಪಿಕ್ಸೆಲ್. ಪುಟವನ್ನು ಪಕ್ಕಕ್ಕೆ ಸರಿಸುತ್ತಾ ಹೋದರೆ ಬರೀ ಕತ್ತಲು, ನಡುನಡುವೆ ಅವರು ಬರೆದಿಟ್ಟ ಒಂದೊಂದು ಸಾಲು ಮಾತು. ಪಠ್ಯಪುಸ್ತಕಗಳಲ್ಲಿ ಗ್ರಹಗಳನ್ನು ಒಂದರ ಪಕ್ಕ ಒಂದು ಅಂಟಿಸಿ ಮುದ್ರಿಸುತ್ತಾರಲ್ಲ, ಹಾಳೆಯ ಅಗಲಕ್ಕೆ ಬೇರೆ ದಾರಿಯಿಲ್ಲ. ಆದರೆ ಅದನ್ನೇ ನೋಡಿ ಬೆಳೆದ ಮಕ್ಕಳಿಗೆ ಅಂತರವೆಂದರೇನು ಎಂಬುದು ಗೊತ್ತಾಗುವುದಿಲ್ಲ. ಈ ಪುಟದಲ್ಲಿ ಗೊತ್ತಾಗುತ್ತದೆ. ಬೆಳಕಿನ ವೇಗದಲ್ಲಿ ತಾನಾಗಿ ಸರಿಯುವಂತೆ ಮಾಡುವ ಗುಂಡಿಯೂ ಅಲ್ಲಿದೆ. ಅದನ್ನು ಒತ್ತಿ ಸುಮ್ಮನೆ ಕೂತುಕೋ. ಬುಧ ಗ್ರಹ ಬರುವುದಕ್ಕೆ ಮೂರು ನಿಮಿಷ, ಭೂಮಿಗೆ ಎಂಟು ನಿಮಿಷದ ಮೇಲೆ. ಪ್ಲೂಟೊ ತಲುಪಲು ಐದು ಗಂಟೆಗೂ ಹೆಚ್ಚು ಬೇಕು. ಅಷ್ಟು ಕಾಯಬೇಕಾಗಿಲ್ಲ, ಭೂಮಿಯವರೆಗಾದರೂ ತಾಳ್ಮೆಯಿಂದ ಇರು.

ಇಂಥದ್ದೇ ಇನ್ನೊಂದು, ನೀಲ್ ಅಗರ್‌ವಾಲ್ ಅವರ 'ನೀಲ್ ಡಾಟ್ ಫನ್' ತಾಣದಲ್ಲಿರುವ ಆಳ ಸಮುದ್ರದ ಪುಟ. ಕೆಳಗೆ ಸರಿಸಿದಷ್ಟೂ ನೀರಿನಾಳಕ್ಕೆ ಇಳಿಯುತ್ತೀಯೆ. ಯಾವ ಜೀವಿ ಎಷ್ಟು ಆಳದಲ್ಲಿ ಇರುತ್ತದೆ ಎಂಬುದು ಆಯಾ ಆಳದಲ್ಲೇ ಕಾಣುತ್ತದೆ. ಟೈಟಾನಿಕ್ ಹಡಗು ಬಿದ್ದಿರುವುದು ಸುಮಾರು 3,800 ಮೀಟರಿನಲ್ಲಿ. ಅಲ್ಲಿಂದಲೂ ಬಹಳ ಕೆಳಗೆ, ಸುಮಾರು ಹನ್ನೊಂದು ಕಿಲೋಮೀಟರ್ ಆಳದಲ್ಲಿ ತಳ ಸಿಗುತ್ತದೆ. ಪಿಕಾರ್ ಮತ್ತು ವಾಲ್ಶ್ ಎಂಬ ಇಬ್ಬರು 1960ರಲ್ಲೇ ಅಲ್ಲಿಗೆ ಇಳಿದಿದ್ದರು. ಈ ಪುಟಕ್ಕೆ ತಳವಿದೆ, ಪುಟ್ಟಿ. ತಲುಪಿದೆ, ಮುಗಿಯಿತು ಎಂದು ಎದ್ದು ಹೋಗಬಹುದು. ನಿನ್ನ ಮೊಬೈಲಿನಲ್ಲಿ ಒಂದರ ಹಿಂದೊಂದು ಬರುವ ವಿಡಿಯೊಗಳಿಗೆ ಇಲ್ಲದಿರುವುದು ಇದೇ. ಅವನ್ನು ತಯಾರಿಸುವವರ ಮೇಲೆ ನನಗೆ ಕೋಪವಿಲ್ಲ, ಮುಗಿಯದಂತೆ ಅವನ್ನು ಪೋಣಿಸಿದವರ ಮೇಲೆ ಇದೆ.

ಸುಮ್ಮನೆ ಆಡುತ್ತಾ ಹೋದವರೊಬ್ಬರ ಕತೆ ಹೇಳುತ್ತೇನೆ. ಗ್ಯಾಲಕ್ಸಿ ಝೂ ಎಂಬ ತಾಣ 2007ರಲ್ಲಿ ಆರಂಭವಾಯಿತು. ದೂರದರ್ಶಕ ತೆಗೆದ ಲಕ್ಷಾಂತರ ನಕ್ಷತ್ರಪುಂಜಗಳ (ಗ್ಯಾಲಕ್ಸಿಗಳ) ಚಿತ್ರಗಳಿದ್ದವು, ವಿಂಗಡಿಸಲು ಜನ ಸಾಲದು. ಇದು ಸುರುಳಿಯೇ, ದುಂಡಗಿದೆಯೇ ಎಂದು ನೋಡಿ ಹೇಳಿ ಎಂದು ಜನಸಾಮಾನ್ಯರನ್ನೇ ಕರೆದರು. ನೆದರ್ಲೆಂಡ್ಸಿನ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ ಒಂದು ಚಿತ್ರದಲ್ಲಿ ನಕ್ಷತ್ರಪುಂಜದ ಕೆಳಗೆ ವಿಚಿತ್ರ ಬಣ್ಣದ ಮೋಡದಂಥದ್ದನ್ನು ಕಂಡು, ಇದೇನು ಎಂದು ಕೇಳಿದರು. ಖಗೋಳ ವಿಜ್ಞಾನಿಗಳಿಗೂ ಗೊತ್ತಿರಲಿಲ್ಲ. ಪಕ್ಕದ ನಕ್ಷತ್ರಪುಂಜದ ನಡುವಿನಿಂದ ಹಿಂದೆಂದೋ ಹೊಮ್ಮಿದ ಪ್ರಖರ ಬೆಳಕಿಗೆ ಹೊಳೆಯುತ್ತಿರುವ ಅನಿಲ ಅದು ಎಂದು ಆಮೇಲೆ ತಿಳಿಯಿತು. ಹಬಲ್ ದೂರದರ್ಶಕವನ್ನು ಅದರತ್ತ ತಿರುಗಿಸಿದರು, ಅದಕ್ಕೆ ಆಕೆಯ ಹೆಸರನ್ನೇ ಇಟ್ಟರು. ನನ್ನಂಥ ಒಬ್ಬ ಶಿಕ್ಷಕಿ ಎಂಬ ಕಾರಣಕ್ಕೆ ನನಗೆ ಇದನ್ನು ಎಷ್ಟು ಹೇಳಿದರೂ ಸಾಲದು. ಈಗ ಝೂನಿವರ್ಸ್ ತಾಣದಲ್ಲಿ ಇಂಥ ಕೆಲಸಗಳು ಬೇಕಾದಷ್ಟಿವೆ, ಯಾರು ಬೇಕಾದರೂ ಸೇರಬಹುದು.

ಕೇಂಬ್ರಿಜ್ ವಿಶ್ವವಿದ್ಯಾಲಯದ ಕಾಫಿ ಪಾತ್ರೆಯನ್ನಂತೂ ಬಿಡುವಂತಿಲ್ಲ. ದೂರದ ಕೋಣೆಗಳಿಂದ ನಡೆದು ಬಂದವರಿಗೆ ಪಾತ್ರೆ ಖಾಲಿ ಸಿಗುತ್ತಿತ್ತೆಂದು, ಅಲ್ಲಿನ ಕಂಪ್ಯೂಟರ್ ವಿಭಾಗದವರು 1991ರಲ್ಲಿ ಅದರ ಎದುರಿಗೆ ಒಂದು ಕ್ಯಾಮೆರಾ ಇಟ್ಟರು. 1993ರಲ್ಲಿ ಅದು ಅಂತರ್ಜಾಲದಲ್ಲಿ ಜಗತ್ತಿಗೇ ಕಾಣುವಂತಾಯಿತು. 2001ರಲ್ಲಿ ನಿಲ್ಲಿಸಿದರು. ಆ ಪಾತ್ರೆ ಹರಾಜಿನಲ್ಲಿ 3,350 ಪೌಂಡಿಗೆ ಮಾರಾಟವಾಯಿತು.

ಇಂಥ ತಾಣಗಳು ಸದ್ದಿಲ್ಲದೆ ಮುಚ್ಚಿಹೋಗುತ್ತವೆ. ಜನರು ತಮ್ಮ ತಮ್ಮ ಪುಟ ಕಟ್ಟಿಕೊಂಡಿದ್ದ ಜಿಯೊಸಿಟೀಸ್ 2009ರಲ್ಲಿ ಮುಚ್ಚಿತು. ಸತ್ತ ವಿಳಾಸ ಸಿಕ್ಕರೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಹಾಕಿ ನೋಡು, ಹಳೆಯ ಪುಟ ಅಲ್ಲಿ ಉಳಿದಿರಬಹುದು. ಒಂದು ಎಚ್ಚರಿಕೆ: ಹಳೆಯ ವಿಳಾಸಗಳನ್ನು ಬೇರೆಯವರು ಕೊಂಡು ಮೋಸಕ್ಕೆ ಬಳಸುವುದುಂಟು. ಆಟದ ತಾಣ ಮೊಬೈಲ್ ಸಂಖ್ಯೆಯನ್ನೋ ಹಣವನ್ನೋ ಕೇಳಿದರೆ, ಏನಾದರೂ ಇಳಿಸಿಕೋ ಎಂದರೆ, ಆ ಕ್ಷಣವೇ ಹೊರಗೆ ಬಾ.

ಕನ್ನಡದಲ್ಲೂ ಸುತ್ತಾಡಲು ಜಾಗವಿದೆ. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಕೂತು ಮಾಡಿದ ಕನ್ನಡ–ಇಂಗ್ಲಿಷ್ ನಿಘಂಟು 'ಅಲರ್' ಎಂಬ ತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಒಂದೂವರೆ ಲಕ್ಷದಷ್ಟು ಪದಗಳಿವೆ. ಒಂದು ಪದಕ್ಕೆ ಹೋಗಿ ಅದರ ಅರ್ಥದಿಂದ ಇನ್ನೊಂದಕ್ಕೆ ದಾಟುತ್ತಾ ಹೋದರೆ ಒಂದು ಸಂಜೆ ಸಾಲುವುದಿಲ್ಲ.

ಕೊನೆಯದಾಗಿ, ನೀನೂ ಒಂದು ಪುಟ ಕಟ್ಟಬೇಕು ಎಂಬುದು ನನ್ನ ಆಸೆ. ಕಂಪ್ಯೂಟರ್ ಓದುತ್ತಿರುವವಳು ನೀನು. ಜಾಲತಾಣಗಳ ತಂತ್ರವನ್ನು ರೂಪಿಸಿದ ಟಿಮ್ ಬರ್ನರ್ಸ್ ಲೀ 1991ರಲ್ಲಿ ಲೋಕದ ಮುಂದಿಟ್ಟ ಮೊದಲ ಜಾಲತಾಣದಲ್ಲಿ ಬರೀ ಅಕ್ಷರ ಮತ್ತು ಕೊಂಡಿಗಳಿದ್ದವು. ಅವರಿದ್ದ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆ 1993ರ ಏಪ್ರಿಲ್ 30ರಂದು ಈ ತಂತ್ರವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ನಿನ್ನದೂ ಅಷ್ಟೇ ಸರಳವಾಗಿರಲಿ. ವಿಷಯವನ್ನು ನಾನೇ ಹೇಳುತ್ತೇನೆ: ನಮ್ಮ ಕಡೆಯ ಆಲೆಮನೆಗಳ ಸದ್ದು. ಗಾಣ ತಿರುಗುವುದು, ಒಲೆಗೆ ಒಣ ಸಿಪ್ಪೆ ತಳ್ಳುವುದು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದು, ಪಾಕ ಬಂತೆಂದು ಕೂಗುವುದು, ಅಚ್ಚಿಗೆ ಬೆಲ್ಲ ಸುರಿಯುವುದು. ಮಂಡ್ಯದ ನಕ್ಷೆಯ ಮೇಲೆ ಒಂದೊಂದು ಚುಕ್ಕಿ ಒತ್ತಿದರೆ ಒಂದೊಂದು ಆಲೆಮನೆ ಕೇಳಬೇಕು. ಎಷ್ಟೋ ಆಲೆಮನೆಗಳು ನಿಂತುಹೋಗಿವೆ, ಈಗಲೇ ಮಾಡದಿದ್ದರೆ ಆಗುವುದಿಲ್ಲ.

ಮುಂದಿನ ರಜೆಗೆ ಬರುವಾಗ ನಿನ್ನ ಲ್ಯಾಪ್‌ಟಾಪ್ ತಾ. ನಾಲೆಯ ಪಕ್ಕದ ಆಲೆಮನೆಯವರ ಬಳಿ ನಾನು ಮಾತನಾಡಿಟ್ಟಿರುತ್ತೇನೆ. ಅವರು ಒಲೆ ಹಚ್ಚುವುದು ನಸುಕಿನಲ್ಲಿ, ಹಿಂದಿನ ರಾತ್ರಿಯೇ ನಮ್ಮ ಮನೆಗೆ ಬಂದುಬಿಡು.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ