ರಿವರ್‌ಸೈಡ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಮಿತ್ರ,

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನಲ್ಲಿ ನಿನಗೆ ಸಹಾಯಕ ಪ್ರಾಧ್ಯಾಪಕನ ಹುದ್ದೆ ದೊರೆತದ್ದು ಕೇಳಿ ಬಹಳ ಸಂತೋಷವಾಯಿತು. ತರಗತಿಯಲ್ಲಿ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ವಿದ್ಯಾರ್ಥಿಗಳು ಬಹಳ ಮಂದಿ ಇರುತ್ತಾರೆ, ಹೊರಗಿನವನಾದ ನಾನು ಅವರಿಗೆ ಹೇಗೆ ಒದಗಿಬರಲಿ ಎಂದು ಕೇಳಿದ್ದೆಯಲ್ಲ, ಅದಕ್ಕೆ ಫೋನಿನಲ್ಲಿ ಸರಿಯಾಗಿ ಉತ್ತರಿಸಲು ಆಗಲಿಲ್ಲ.

ನೀನು ಸೇರಲಿರುವ ಕ್ಯಾಂಪಸ್ಸಿನ ಗ್ರಂಥಾಲಯಕ್ಕೆ ತೊಮಾಸ್ ರಿವೇರಾ ಅವರ ಹೆಸರಿಟ್ಟಿದ್ದಾರೆ. ಟೆಕ್ಸಸ್‌ನ ಕ್ರಿಸ್ಟಲ್ ಸಿಟಿಯಲ್ಲಿ ವಲಸೆ ಕೃಷಿ ಕೂಲಿಕಾರರ ಮಗನಾಗಿ ಹುಟ್ಟಿ, ತಾವೂ ಹೊಲಗಳಲ್ಲಿ ದುಡಿದು, 1979ರಲ್ಲಿ ರಿವರ್‌ಸೈಡ್ ಕ್ಯಾಂಪಸ್ಸಿನ ಮುಖ್ಯಸ್ಥರು, ಅಂದರೆ ಚಾನ್ಸಲರ್ ಆದ ಅವರು 1984ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಮುಂದೆ ಆ ಕ್ಯಾಂಪಸ್ಸಿಗೆ ‘ಹಿಸ್ಪಾನಿಕ್ ಸೇವಾ ಸಂಸ್ಥೆ’ ಎಂಬ ಮಾನ್ಯತೆಯೂ ಬಂತು. ಪದವಿ ವಿದ್ಯಾರ್ಥಿಗಳಲ್ಲಿ ಶೇ. 25ರಷ್ಟಾದರೂ ಹಿಸ್ಪಾನಿಕ್ ಮೂಲದವರು, ಅಂದರೆ ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದವರು, ಆಗಿರಬೇಕು ಎಂಬುದೇ ಅದರ ಮುಖ್ಯ ನಿಯಮ. ಎಷ್ಟು ಮಂದಿ ಸೇರಿದರು ಎಂಬ ಲೆಕ್ಕವನ್ನು ಅದು ಕೇಳುತ್ತದೆಯೇ ಹೊರತು ಸೇರಿದವರಿಗೆ ಏನು ಸಿಕ್ಕಿತು ಎಂಬುದನ್ನಲ್ಲ. ಈ ಮಾನ್ಯತೆಯ ಮೇಲೆ ಬರುತ್ತಿದ್ದ ಅನುದಾನದಲ್ಲಿ ದೊಡ್ಡ ಪಾಲನ್ನು ನಿಲ್ಲಿಸುವುದಾಗಿ ಒಕ್ಕೂಟ ಸರ್ಕಾರದ ಶಿಕ್ಷಣ ಇಲಾಖೆ 2025ರ ಸೆಪ್ಟೆಂಬರಿನಲ್ಲಿ ಘೋಷಿಸಿತು. ಹಾಗಾಗಿ ಅಧ್ಯಾಪಕರು ತಾವಾಗಿಯೇ ಮಾಡಬಹುದಾದ ಕೆಲಸಕ್ಕೆ ಈಗ ಹೆಚ್ಚು ಬೆಲೆ.

ಅಲ್ಲಿ ಕ್ವಾರ್ಟರ್, ಅಂದರೆ ಒಂದು ಶೈಕ್ಷಣಿಕ ಅವಧಿ, ಹತ್ತೇ ವಾರದ ಪಾಠ. ಆ ಸೀಮೆಯ ತುಂಬ ಗೋದಾಮುಗಳಿವೆ. ಅಲ್ಲಿ ರಾತ್ರಿಪಾಳಿ ಮುಗಿಸಿ ಬೆಳಗಿನ ತರಗತಿಗೆ ಬಂದು ಕೂರುವವರು ನಿನಗೂ ಸಿಕ್ಕಾರು. ಅಂಥವರಿಗೆ ಒಂದು ವಾರ ತಪ್ಪಿದರೆ ಪರೀಕ್ಷೆಯೇ ಎದುರಿಗೆ ಬಂದು ನಿಂತಿರುತ್ತದೆ. ವಿದ್ಯಾರ್ಥಿಗಳು ಬಂದು ಸಂದೇಹ ಕೇಳಲೆಂದು ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಕೊಠಡಿಯ ಬಾಗಿಲು ತೆರೆದಿಟ್ಟು, ‘ಯಾರೂ ಬರುವುದೇ ಇಲ್ಲ’ ಎಂದು ಬೇಸರಿಸುವ ಸಹೋದ್ಯೋಗಿಗಳನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಆ ಹೊತ್ತು ತಮಗಾಗಿಯೇ ಇದೆ ಎಂದು ಯಾರಾದರೂ ಹೇಳಿರಬೇಕಲ್ಲ! ಮೊದಲ ವಾರವೇ ಹೇಳಿಬಿಡು. ಒಂದು ದಿನವನ್ನು ಸಂಜೆಗೆ ಇಟ್ಟುಕೊ.

ಹಣದ ವಿಷಯ ಇನ್ನೂ ಸೂಕ್ಷ್ಮ. ಮಗಳು ಅಮೆರಿಕದ ಪ್ರಜೆಯಾಗಿದ್ದು ತಂದೆತಾಯಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ಅಲ್ಲಿಯ ಸರ್ಕಾರಿ ಗುರುತಿನ ಸಂಖ್ಯೆ) ಇಲ್ಲದ ಮನೆಗಳಿವೆ. 2023ರ ಕೊನೆಯಲ್ಲಿ ಬಂದ ಹೊಸ ಫಾಫ್ಸಾ ಅರ್ಜಿ (ಒಕ್ಕೂಟ ಸರ್ಕಾರದ ವಿದ್ಯಾರ್ಥಿ ನೆರವಿಗೆ ಸಲ್ಲಿಸುವ ಅರ್ಜಿ) ಅಂಥವರಿಗೆ ತಿಂಗಳುಗಟ್ಟಲೆ ಸಲ್ಲಿಕೆಯೇ ಆಗಲಿಲ್ಲ. ಇನ್ನು ಬಾಲ್ಯದಲ್ಲೇ ದಾಖಲೆಯಿಲ್ಲದೆ ಬಂದವರಿಗೆ ಗಡೀಪಾರಿನಿಂದ ರಕ್ಷಣೆಯನ್ನೂ ಕೆಲಸದ ಪರವಾನಗಿಯನ್ನೂ ಕೊಡುವ ಡಾಕಾ ಯೋಜನೆಗೆ 2007ರ ಜೂನ್ 15ಕ್ಕೆ ಮೊದಲೇ ದೇಶದಲ್ಲಿ ನೆಲೆಸಿರಬೇಕು. ಈಗ ಸೇರುವ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟಿದ್ದೇ ಆ ವರ್ಷದ ಆಸುಪಾಸಿನಲ್ಲಿ, ಹಾಗಾಗಿ ಅವರಲ್ಲಿ ದಾಖಲೆಯಿಲ್ಲದ ಹೆಚ್ಚಿನವರಿಗೆ ಕೆಲಸದ ಪರವಾನಗಿಯೂ ಇರುವುದಿಲ್ಲ. ನಿನ್ನ ಪ್ರಯೋಗಾಲಯಕ್ಕೆ ಅಂಥವರನ್ನು ತೆಗೆದುಕೊಳ್ಳುವುದಾದರೆ ಸಂಬಳದ ಬದಲು ವಿದ್ಯಾರ್ಥಿವೇತನದ ರೂಪದಲ್ಲಿ ಹಣ ಕೊಡಲು ಸಾಧ್ಯವೇ ಎಂದು ಆಡಳಿತ ಕಚೇರಿಯನ್ನು ಮೊದಲೇ ವಿಚಾರಿಸು. ಯಾರ ವಲಸೆ ಸ್ಥಿತಿಯನ್ನೂ ನೀನಾಗಿ ಕೇಳಬೇಡ, ಶಿಫಾರಸು ಪತ್ರದಲ್ಲಾಗಲಿ ಇಮೇಲಿನಲ್ಲಾಗಲಿ ಬರೆಯಲೂ ಬೇಡ. (ಎಚ್-1ಬಿ ಮೇಲೆ ಬಂದ ನಮ್ಮ ಕನ್ನಡದ ಮನೆಗಳಲ್ಲಿಯೂ ಇಪ್ಪತ್ತೊಂದು ತುಂಬುತ್ತಲೇ ಅವಲಂಬಿತ ವೀಸಾ ಕಳೆದುಕೊಳ್ಳುವ ಮಕ್ಕಳಿದ್ದಾರೆ, ಆ ಆತಂಕ ನಮಗೆ ತೀರಾ ಅಪರಿಚಿತವೇನಲ್ಲ.)

ನಾನು ಮುಖ್ಯವಾಗಿ ಹೇಳಬೇಕೆಂದದ್ದು ಅಧ್ಯಾಪಕರ ಬಗ್ಗೆ. ಇಂಥ ಸಂಸ್ಥೆಗಳಲ್ಲಿ ಲ್ಯಾಟಿನೊ ವಿದ್ಯಾರ್ಥಿಗಳ ಪ್ರಮಾಣಕ್ಕೂ ಲ್ಯಾಟಿನೊ ಅಧ್ಯಾಪಕರ ಪ್ರಮಾಣಕ್ಕೂ ಅಜಗಜಾಂತರ. ವಿಭಾಗದಲ್ಲಿ ಒಬ್ಬರೋ ಇಬ್ಬರೋ ಇದ್ದರೆ, ಪ್ರತಿ ಸಮಿತಿಗೂ ಅವರೇ, ಸ್ಪ್ಯಾನಿಷ್ ಮಾತನಾಡುವ ಪೋಷಕರು ಬಂದಾಗಲೂ ಅವರೇ, ಅಳುತ್ತ ಬರುವ ವಿದ್ಯಾರ್ಥಿ ತಟ್ಟುವುದೂ ಅವರ ಬಾಗಿಲನ್ನೇ. ಅಮಾಡೊ ಪಾಡಿಯಾ ಎಂಬ ಮನಃಶಾಸ್ತ್ರಜ್ಞರು 1994ರಲ್ಲಿಯೇ ಇದನ್ನು ‘ಸಾಂಸ್ಕೃತಿಕ ತೆರಿಗೆ’ ಎಂದು ಕರೆದಿದ್ದರು. ಬಡ್ತಿಯ ಕಡತ ತೆರೆದಾಗ ಮಾತ್ರ ಎಣಿಕೆಗೆ ಬರುವುದು ಸಂಶೋಧನಾ ಪ್ರಬಂಧಗಳು. ಆದ್ದರಿಂದ ನಿನ್ನ ಬೆಂಬಲ ಅವರ ಹಬ್ಬದ ದಿನ ವೇದಿಕೆಯಲ್ಲಿ ಕಾಣಿಸಿಕೊಳ್ಳುವುದಕ್ಕಷ್ಟೇ ಸೀಮಿತವಾಗದೆ, ಯಾರಿಗೂ ಬೇಡವಾದ ಸಮಿತಿಯ ಕುರ್ಚಿಯೊಂದನ್ನು ನೀನೇ ಹಿಡಿಯುವುದರಲ್ಲಿಯೂ ಮೌಲ್ಯಮಾಪನದ ವೇಳೆ ಅವರ ಆ ದುಡಿಮೆಯನ್ನು ಬರವಣಿಗೆಯಲ್ಲಿ ದಾಖಲಿಸುವುದರಲ್ಲಿಯೂ ಇರಲಿ.

ಅಡುಗೆಮನೆ, ಸ್ವಚ್ಛತೆ, ತೋಟದ ಕೆಲಸ ಮಾಡುವವರನ್ನು ಇಂಥ ಚರ್ಚೆಗಳಲ್ಲಿ ಸಾಮಾನ್ಯವಾಗಿ ಮರೆಯುತ್ತಾರೆ. ಅವರ ಮಕ್ಕಳೇ ನಿನ್ನ ತರಗತಿಯಲ್ಲಿ ಇರಲೂಬಹುದು. ಸಿಬ್ಬಂದಿಗೆಂದು ಕರೆಯುವ ಸಭೆ ರಾತ್ರಿಪಾಳಿಯವರು ಮಲಗಿರುವ ಹೊತ್ತಿನಲ್ಲಿ ನಡೆಯುತ್ತಿದ್ದರೆ, ಅದನ್ನು ಪ್ರಶ್ನಿಸುವವನು ನೀನೇ ಆಗು.

ಸೆಪ್ಟೆಂಬರಿನ ಕೊನೆಗೆ ತರಗತಿ ಶುರುವಾಗುವ ಮೊದಲು ಹಣಕಾಸು ನೆರವಿನ ಕಚೇರಿಗೊಮ್ಮೆ ಹೋಗಿ, ಅಲ್ಲಿ ಯಾರನ್ನು ಕಾಣಬೇಕೆಂದು ತಿಳಿದುಕೊ. ಮನೆ ಸಿಕ್ಕ ಮೇಲೆ ವಿಳಾಸ ಕಳುಹಿಸು.

ಇತಿ ನಿನ್ನ ಗೆಳೆಯ