ಬಿದ್ದಿದ್ದನ್ನು ಬಿದ್ದ ಹಾಗೆಯೇ ನಿಲ್ಲಿಸೋದು

ಪ್ರೀತಿಯ ಮಂಜು,

ಹಿರೋಶಿಮಾ ನೋಡಿಕೊಂಡು ನಿನ್ನೆ ರಾತ್ರಿ ಒಸಾಕಾಗೆ ವಾಪಸ್ ಬಂದೆ. ಫೋನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತೆ, ಅದಕ್ಕೇ ಬರೀತಿದ್ದೇನೆ. ಅಲ್ಲಿ ನಿಂತಿದ್ದಷ್ಟು ಹೊತ್ತೂ ನೀನು ಪಕ್ಕದಲ್ಲಿ ಇರಬೇಕಿತ್ತು ಅನ್ನಿಸ್ತಾ ಇತ್ತು. ಕಟ್ಟಡದ ಕಷ್ಟ ಕಟ್ಟಿಸುವವನಿಗೇ ಗೊತ್ತು, ಅಲ್ವಾ?

ಟ್ರಾಮ್‌ನಲ್ಲಿ ಹೋದೆ. ಸ್ಟಾಪಿನ ಹೆಸರೇ ‘ಗೆನ್‌ಬಾಕು ಡೋಮು ಮಾಯೆ’. ನಮ್ಮ ಮಾಯೆ ಅಲ್ಲ, ‘ಅಣುಬಾಂಬ್ ಗುಮ್ಮಟದ ಮುಂದೆ’ ಅಂತ ಅರ್ಥ. ನಮ್ಮೂರಲ್ಲಿ ಕಂಡಕ್ಟರ್ ‘ಆಸ್ಪತ್ರೆ ಯಾರ್ರೀ ಇಳಿಯೋರು’ ಅಂತ ಕೂಗುವಷ್ಟೇ ಮಾಮೂಲಾಗಿ ಆ ಹೆಸರು ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ತರಕಾರಿ ಚೀಲ ಎತ್ತಿಕೊಂಡು ಇಳಿದರು. ಹಿಂದೆ ನಾನು.

ಬಾಂಬಿಗೆ ಸಿಕ್ಕಿಯೂ ಪೂರ್ತಿ ಬೀಳದೆ ನಿಂತಿರುವ ಆ ಗುಮ್ಮಟದ ಕಟ್ಟಡ ದೊಡ್ಡದಾಗಿರುತ್ತೆ ಅಂದುಕೊಂಡಿದ್ದೆ. ಇಲ್ಲ ಮಾರಾಯ, ಎತ್ತರ ಬರೀ 25 ಮೀಟರ್. ಝೆಕ್ ದೇಶದ ಯಾನ್ ಲೆಟ್ಜೆಲ್ ನಕ್ಷೆ ಹಾಕಿದ್ದು, 1915ರಲ್ಲಿ ಕಟ್ಟಿ ಮುಗಿಸಿದ್ದು. ಆ ಪ್ರಾಂತ್ಯದ ಸರಕುಗಳ ವಸ್ತುಪ್ರದರ್ಶನಕ್ಕೆ ಅಂತ. ಒಂದು ತಮಾಷೆ ಕೇಳು. 1919ರಲ್ಲಿ, ಮೊದಲ ಮಹಾಯುದ್ಧದಲ್ಲಿ ಸೆರೆ ಸಿಕ್ಕಿದ್ದ ಜರ್ಮನ್ ಒಬ್ಬ ಇಲ್ಲೇ ಬೌಮ್‌ಕುಹೆನ್ ಅನ್ನೋ ಕೇಕ್ ಮಾಡಿ ಮಾರಿದ. ಜಪಾನಿಗೆ ಅದೇ ಮೊದಲು. ಈಗ ಆ ಕೇಕ್ ಸಿಗದ ಅಂಗಡಿಯಿಲ್ಲ.

1945ರ ಆಗಸ್ಟ್ 6, ಬೆಳಗ್ಗೆ 8.15. ಬಾಂಬ್ ಸಿಡಿದದ್ದು ಸುಮಾರು 600 ಮೀಟರ್ ಮೇಲೆ. ಅದರ ನೇರ ಕೆಳಗಿನ ಜಾಗ ಇಲ್ಲಿಂದ 160 ಮೀಟರ್, ಅಷ್ಟೇ. ಹಾಗಾದರೆ ಗೋಡೆ ಹೇಗೆ ನಿಂತಿತು ಅಂತ ಕೇಳ್ತೀಯ, ಗೊತ್ತು. ಹೊಡೆತ ಪಕ್ಕದಿಂದ ಬರಲಿಲ್ಲ, ಹೆಚ್ಚುಕಮ್ಮಿ ನೆತ್ತಿಯ ಮೇಲಿಂದ ಬಂತು. ಮಹಡಿಗಳು ಕುಸಿದವು, ನೆಟ್ಟಗಿದ್ದ ಗೋಡೆಗಳಲ್ಲಿ ಕೆಲವು ತಡೆದುಕೊಂಡವು. ಗುಮ್ಮಟದ ತಾಮ್ರದ ಹೊದಿಕೆ ಹೋಗಿ ಕಬ್ಬಿಣದ ಪಂಜರ ಉಳಿಯಿತು. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ.

ಕೆಡವಿಬಿಡಿ ಅಂದವರೂ ಇದ್ದರು. ಅವರೂ ಆ ಊರಿನವರೇ. ಮನೆಯವರನ್ನು ಕಳೆದುಕೊಂಡವರು ದಿನಾ ಮಾರ್ಕೆಟ್ಟಿಗೆ ಹೋಗುವಾಗ ಅದನ್ನು ನೋಡಬೇಕಲ್ಲ. ನಾನಾಗಿದ್ದರೆ ಅವರ ಕಡೆಗೇ ಸೇರುತ್ತಿದ್ದೆನೇನೋ. ಒಂದು ವರ್ಷದ ಕೂಸಾಗಿದ್ದಾಗ ಬಾಂಬಿಗೆ ಸಿಕ್ಕಿದ ಹುಡುಗಿಯೊಬ್ಬಳು 1960ರಲ್ಲಿ ರಕ್ತದ ಕ್ಯಾನ್ಸರ್ ಬಂದು ತೀರಿಹೋದಳು. ಆಗ ಅವಳಿಗೆ 16. ಆ ಅನಾಹುತವನ್ನು ಮುಂದೆಯೂ ಜಗತ್ತಿಗೆ ಹೇಳೋದು ಈ ಕಟ್ಟಡವೇ ಅಂತ ಡೈರಿಯಲ್ಲಿ ಬರೆದಿಟ್ಟಿದ್ದಳು. ಅದನ್ನು ಓದಿದ ಮಕ್ಕಳು ಬೀದಿಯಲ್ಲಿ ನಿಂತು ಸಹಿ, ಚಂದಾ ಎತ್ತಿದರು. ನಗರಸಭೆ ಉಳಿಸುವ ತೀರ್ಮಾನ ಮಾಡಿದ್ದು 1966ರಲ್ಲಿ. 1996ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ನಿನ್ನ ಕೆಲಸದ ವಿಷಯ ಇನ್ನು ಮುಂದಿದೆ. 1967ರಿಂದ ಹಲವು ಸಲ ಸಾರುವೆ ಕಟ್ಟಿ ರಿಪೇರಿ ಮಾಡಿದ್ದಾರೆ. ಬಿರುಕಿಗೆ ಎಪಾಕ್ಸಿ ಅನ್ನೋ ಗಟ್ಟಿ ಅಂಟು ತುಂಬಿದ್ದಾರೆ, ಒಳಗಡೆಯಿಂದ ಗೋಡೆಗೆ ಕಬ್ಬಿಣದ ಆಸರೆ ಕೊಟ್ಟಿದ್ದಾರೆ. ಅದು ಹೊರಗೆ ನಿಂತರೂ ಕಾಣುತ್ತೆ. ಆದರೆ ಏನನ್ನೂ ಸರಿ ಮಾಡುವ ಹಾಗಿಲ್ಲ! ಬೀಳಲೂ ಬಾರದು, ರಿಪೇರಿ ಆದ ಹಾಗೆ ಕಾಣಲೂ ಬಾರದು. ಬೇಲಿಯ ಆಚೆ ಇಟ್ಟಿಗೆ ಚೂರುಗಳು ನೆಲದ ಮೇಲೆ ಹಾಗೇ ಇವೆ. ಒಂದನ್ನೇ ತುಂಬಾ ಹೊತ್ತು ನೋಡಿದೆ. ಒಂದು ಮಗ್ಗುಲಿಗೆ ಗಾರೆ ಇನ್ನೂ ಅಂಟಿಕೊಂಡಿತ್ತು. ಪಕ್ಕದಲ್ಲಿ ಹುಲ್ಲು. ‘ಬಿದ್ದ ಇಟ್ಟಿಗೆ ಮುಟ್ಟಬೇಡಪ್ಪ’ ಅಂತ ನಿನ್ನ ಮೇಸ್ತ್ರಿಗೆ ಹೇಳಿ ನೋಡು, ಕೂಲಿ ಬಿಟ್ಟು ಓಡ್ತಾನೆ.

ಬಾಂಬಿನ ಕೆಳಗೇ ಇದ್ದ ಜಾಗವನ್ನೂ ಹುಡುಕಿಕೊಂಡು ಹೋದೆ. ಮಾಮೂಲಿ ಓಣಿ. ಅವತ್ತು ಅಲ್ಲೊಂದು ಆಸ್ಪತ್ರೆ ಇತ್ತು, ಇವತ್ತೂ ಆಸ್ಪತ್ರೆಯೇ ಇದೆ. ಹೊರಗೆ ಒಂದು ಚಿಕ್ಕ ಫಲಕ. ನಾನು ಓದುತ್ತಿದ್ದಾಗ ಹಿಂದಿನಿಂದ ಸೈಕಲ್ ಬೆಲ್ ಆಯಿತು, ಗಡಿಬಿಡಿಯಲ್ಲಿ ಪಕ್ಕಕ್ಕೆ ಸರಿದೆ.

ಹೇಳೋದು ಮರೆತೆ, ಆ ಊರಿನ ಅಧಿಕೃತ ಹೂವು ನಮ್ಮ ಕಣಗಿಲೆ. ಬಾಂಬ್ ಬಿದ್ದ ಮೇಲೆ ಇಲ್ಲಿ ಏನೂ ಹುಟ್ಟಲ್ಲ ಅಂದುಕೊಂಡಿದ್ದಾಗ ಮೊದಲು ಅರಳಿದವುಗಳಲ್ಲಿ ಅದೂ ಒಂದಂತೆ. ನಾನು ಹೋದಾಗ ಗಿಡದ ತುಂಬಾ ಗುಲಾಬಿ ಬಣ್ಣದ ಹೂವು. ನಿಮ್ಮ ಬಾವಿಕಟ್ಟೆ ಹತ್ತಿರದ ಗಿಡ ಇದೆಯೋ, ಕಡಿಸಿದೆಯೋ?

ಮತ್ತೆ, ಶಾಲೆ ಕಟ್ಟಡದ ಬಿರುಕಿಗೆ ನೀನು ಹಾಕಿಸಿದ್ದೂ ಇದೇ ಎಪಾಕ್ಸಿನಾ? ಅದು ಎಷ್ಟು ವರ್ಷ ಬರುತ್ತೆ? ಬರೆದು ತಿಳಿಸು.

ನಿನ್ನ,
ಸುರೇಶ